ಒಂಬತ್ತು ಟಿಕೆಟ್ಟಿನ ಊರು

ಬೆಂಗಳೂರಿನಿಂದ ಹೊರಟು ಕೃಷ್ಣರಾಜಪುರ ದಾಟಿದ ಮೇಲೆ ನಮ್ಮ ಚಿಕ್ಕಕುಂಟೆ ಹಾಲ್ಟ್ ಸಿಗುತ್ತದೆ. ರೈಲು ಒಂದೇ ನಿಮಿಷ ನಿಲ್ಲುವ ಸಣ್ಣ ಸ್ಟೇಷನ್. ಒಂದು ಶೀಟಿನ ಕೋಣೆ, ಒಂದು ಕಲ್ಲುಬೆಂಚು, ಒಂದು ಕಿಟಕಿ, ಅಷ್ಟೇ. ಕಿಟಕಿಯ ಒಳಗೆ ಕೂತು ಕಮಿಷನ್ ಮೇಲೆ ಟಿಕೆಟ್ ಮಾರುವವಳು ನಾನು, ಸಾಲೇಹಾ. ಆರು ವರ್ಷಕ್ಕೇ ನನಗೆ ಸಾಕುಸಾಕಾಗಿತ್ತು. ಬೆಳಿಗ್ಗೆ ಆರೂಕಾಲರ ಗಾಡಿಗೆ ಅರವತ್ತು ಜನ ಹತ್ತುತ್ತಿದ್ದರು. ಟಿಕೆಟ್ ಕೇಳುವವರು ಒಂಬತ್ತು ಜನ. ಉಳಿದವರು ನನ್ನ ಮುಂದೆಯೇ ಹಾದು, ಚೆನ್ನಾಗಿದ್ದೀಯಾ ಸಾಲೇಹಮ್ಮ ಎಂದು ಕೇಳಿಕೊಂಡು ಹೋಗಿ ರೈಲು ಹತ್ತುತ್ತಿದ್ದರು. ಚೆನ್ನಾಗಿರುವುದು ಹೇಗೆ?

ಇದಕ್ಕೆಲ್ಲ ಮೂಲ ನಮ್ಮೂರ ಬೈಲಪ್ಪಣ್ಣ. ಅವರ ತಾತನ ಹೊಲದ ಮೇಲೆ ಹಳಿ ಹಾಕಿದ್ದಾರಂತೆ, ಆದ್ದರಿಂದ ಆ ಮನೆಯವರಿಗೆ ಟಿಕೆಟ್ ಬೇಡವಂತೆ. ಊರಿನ ಮುಕ್ಕಾಲು ಜನ ಅವರ ನೆಂಟರು, ಹಾಗಾಗಿ ಊರಿಗೇ ಬೇಡ. ಹೊಲಕ್ಕೆ ಅವತ್ತೇ ಪರಿಹಾರ ಬಂದಿತ್ತಲ್ಲ ಅಣ್ಣ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಅವರ ಹೆಂಡತಿ ರಾಮಲಕ್ಷ್ಮಮ್ಮ ಉಳಿದ ತುಂಡು ಹೊಲದಲ್ಲಿ ಸೊಪ್ಪು ಬೆಳೆಯುತ್ತಾರೆ. ದಿನಾ ಎರಡು ಕುಕ್ಕೆ ಸೊಪ್ಪು ಇದೇ ಗಾಡಿಯಲ್ಲಿ ಕಂಟೋನ್ಮೆಂಟಿಗೆ ಹೋಗಿ, ಅಲ್ಲಿಂದ ಶಿವಾಜಿನಗರದ ಮಾರ್ಕೆಟ್ ಸೇರಬೇಕು. ಅವರ ಮನೆ ನಡೆಯುವುದೇ ಆ ಎರಡು ಕುಕ್ಕೆಯಿಂದ. ಬೆಳಗಿನ ರಶ್‌ನಲ್ಲಿ ಬಸ್ಸಿಗೆ ಕುಕ್ಕೆ ಹತ್ತಿಸಲು ಯಾರು ಬಿಡುತ್ತಾರೆ? ಆದರೂ ಗಂಡನ ಮಾತು ಮೀರಿ ಟಿಕೆಟ್ ತೆಗೆದುಕೊಳ್ಳಲು ಅಕ್ಕನಿಗೆ ಧೈರ್ಯವಿರಲಿಲ್ಲ.

ಮೊದಲು ಸಂಜೆಯ ಗಾಡಿ ನಿಲ್ಲುವುದು ತಪ್ಪಿತು. ಟಿಕೆಟ್ ಹೋಗುತ್ತಿಲ್ಲ, ಅದಕ್ಕೇ ಹೀಗಾಯಿತು ಎಂದು ಮನೆಮನೆಗೆ ಹೋಗಿ ಬಾಯಿ ಬಡಿದುಕೊಂಡೆ. ಕಮಿಷನ್ ಆಸೆಗೆ ಹೇಳುತ್ತಿದ್ದೀಯ ಎಂದರು ಬೈಲಪ್ಪಣ್ಣ. ಆ ಕಮಿಷನ್ನಿಗೆ ಒಂದು ಸೇರು ಅಕ್ಕಿ ಬಂದರೆ ಹೆಚ್ಚು. ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲಕ್ಕೆ ರೈಲ್ವೆಯವರ ಇನ್ನೊಂದು ಕಾಗದ ಬಂತು. ಮುಂದಿನ ತಿಂಗಳಿಂದ ಬೆಳಗಿನ ಗಾಡಿಯೂ ನಿಲ್ಲುವುದಿಲ್ಲ. ಓದಿ ಹೇಳಿದೆ. ರಾಮಲಕ್ಷ್ಮಮ್ಮ ಕುಕ್ಕೆ ಇಳಿಸಿ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಬೈಲಪ್ಪಣ್ಣ ಬಿಳಿ ಪಂಚೆ ಉಟ್ಟು, ಹತ್ತು ಜನರನ್ನು ಕಟ್ಟಿಕೊಂಡು ರೈಲ್ವೆ ಆಫೀಸಿಗೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು. ನ್ಯಾಯ ಕೇಳಲು ಹೊರಟವರೂ ಟಿಕೆಟ್ ಇಲ್ಲದೆಯೇ ಹತ್ತಿದರು. ಇವರಿಗೆ ಏನು ಹೇಳಬೇಕು?

"ದಿನಾ ಅರವತ್ತು ಜನ ಹತ್ತೀವಿ ಸಾರ್. ನಾನೇ ಎಣಿಸಿದ್ದೀನಿ," ಎಂದು ಬೈಲಪ್ಪಣ್ಣ ಮೇಜು ಕುಟ್ಟಿದರು.

ಆಫೀಸರು ಫೈಲು ತಿರುವಿದರು. "ಇದ್ರಲ್ಲಿ ಒಂಬತ್ತೇ ಜನ ಇದ್ದಾರಲ್ರೀ."

"ಅದು ಟಿಕೆಟ್ ತಗೊಂಡೋರು ಸಾರ್."

"ಹಂಗಾದ್ರೆ ಮಿಕ್ಕ ಐವತ್ತೊಂದು ಜನ ಯಾರು? ಹೆಸರು ಬರ್ಕೊಡಿ."

ಬೈಲಪ್ಪಣ್ಣ ಪಂಚೆ ಸರಿಮಾಡಿಕೊಂಡರು. ಆಫೀಸರು ಒಳ್ಳೆಯವರು, ಮೂರು ತಿಂಗಳು ಟಿಕೆಟ್ ಮಾರಾಟ ನೋಡಿ ತೀರ್ಮಾನ ಮಾಡುವುದಾಗಿ ಹೇಳಿ ಕಳಿಸಿದರು.

ಮಾರನೆಯ ಬೆಳಿಗ್ಗೆ ಕಿಟಕಿಯ ಮುಂದೆ ಮೊದಲು ನಿಂತವರು ಬೈಲಪ್ಪಣ್ಣ. ನನ್ನ ಮುಖ ನೋಡದೆ, ನಿಮ್ಮಕ್ಕನಿಗೆ ಒಂದು ಕೊಡಮ್ಮ ಎಂದರು. ಅಕ್ಕ ಆ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಷ್ಟರಲ್ಲಿ ಅವರ ನೆಂಟ ಹುಸೇನಪ್ಪ ಎಂದಿನಂತೆ ಕಿಟಕಿ ದಾಟಿ ಹೊರಟಿದ್ದ. ಬೈಲಪ್ಪಣ್ಣ ಅವನ ತೋಳು ಹಿಡಿದರು.

"ಟಿಕೆಟ್ ತಗೊಳೋ. ಇಲ್ದಿದ್ರೆ ಅವರ ಫೈಲಲ್ಲಿ ನೀನು ಈ ಊರಲ್ಲೇ ಇಲ್ಲ."

ತಾತನ ಹೊಲದ ಕಥೆ ಏನಾಯಿತು ಎಂದು ಹುಸೇನಪ್ಪ ಕೆಣಕಿದ.

"ಹೊಲ ಎಲ್ಲೂ ಓಡೋಗಲ್ಲ. ರೈಲು ನಿಲ್ಬೇಕಲ್ಲಪ್ಪ," ಎಂದರು ಬೈಲಪ್ಪಣ್ಣ.

ಮೂರು ತಿಂಗಳೂ ಊರವರು ಟಿಕೆಟ್ ತೆಗೆದುಕೊಂಡೇ ಹತ್ತಿದರು, ಬೆಳಗಿನ ಗಾಡಿ ಉಳಿಯಿತು. ಸಂಜೆಯದು ಹೋದದ್ದು ಹೋಯಿತು. ರಾಮಲಕ್ಷ್ಮಮ್ಮ ಈಗಲೂ ಸಂಜೆ ಎರಡು ಬಸ್ಸು ಬದಲಿಸಿ, ನೋಯುವ ಮಂಡಿಯಲ್ಲಿ ಕುಂಟುತ್ತಾ ಮನೆಗೆ ಬರುತ್ತಾರೆ. ಅದೇ ಹೊತ್ತಿಗೆ ಆ ಗಾಡಿ ನಮ್ಮ ಮುಂದೆಯೇ ನಿಲ್ಲದೆ ಹೋಗುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಇಂಥದೊಂದು ಸಣ್ಣ ಸ್ಟೇಷನ್ ಇರಬಹುದು. ನಾಳೆ ಬೆಳಿಗ್ಗೆ ಎರಡು ನಿಮಿಷ ಮೊದಲೇ ಹೊರಡಿ. ನಿಮ್ಮೂರ ಕಿಟಕಿಯಲ್ಲೇ ಟಿಕೆಟ್ ತೆಗೆದುಕೊಳ್ಳಿ. ಒಳಗೆ ಕೂತವಳನ್ನು ಚೆನ್ನಾಗಿದ್ದೀಯಾ ಎಂದು ಕೇಳುವುದು ಆಮೇಲೆ.