ಗಳ ಮುಟ್ಟಿದ್ದು

"ಲೇ ಪಾಪ, ನಿಮ್ಮಪ್ಪನ ಹೆಣ ಹೊತ್ಕೊಂಡು ಹೋಗ್ತಿದೀಯೇನೋ? ನೆಟ್ಟಗೆ ಹಿಡ್ಕೊಳೋ ಬೋಳಿಮಗನೆ!"

ಓವರ್‌ಸಿಯರ್ ಗೋಪಾಲಪ್ಪ ಬೆಳಿಗ್ಗೆಯಿಂದ ನನ್ನ ಮೇಲೆ ಹೀಗೇ ಅರಚುತ್ತಿದ್ದ. ಬಿದಿರು ಗಳದ ಒಂದು ತುದಿ ನನ್ನ ಹೆಗಲ ಮೇಲಿತ್ತು, ಇನ್ನೊಂದು ನನ್ನ ಭಾಮೈದ ದೊಡ್ಡಮುನಿಯಪ್ಪನ ಹೆಗಲ ಮೇಲೆ. ಗಳವನ್ನು ರಸ್ತೆಗೆ ಅಡ್ಡಲಾಗಿ ಹೊತ್ತು ಊರಿನ ಈ ಕೊನೆಯಿಂದ ಆ ಕೊನೆಯವರೆಗೆ ನಾವಿಬ್ಬರೂ ಸಮಸಮನಾಗಿ ನಡೆಯಬೇಕಿತ್ತು. ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು.

ಮರುದಿನ ಮಿಲಿಟರಿಯವರ ಭಾರಿ ಗಾಡಿಯೊಂದು ಟ್ಯಾಂಕನ್ನು ಹೊತ್ತು ಬರುವುದಿತ್ತು. ಹೊಸೂರು ರಸ್ತೆಯ ಸೇತುವೆ ಆ ಭಾರ ತಡೆಯುವುದಿಲ್ಲವೆಂದು ಚಂದಾಪುರದ ಹತ್ತಿರ ತಿರುಗಿಸಿ ನಮ್ಮ ಊರೊಳಗೆ ಬಿಡುವುದಾಗಿ ಗೊತ್ತುಮಾಡಿದ್ದರು. ಗಾಡಿ ಎಷ್ಟು ಅಗಲವೋ ಗಳ ಅಷ್ಟು ಉದ್ದ. ಗಳ ಮುಟ್ಟಿದ ಕಡೆ ಗೋಪಾಲಪ್ಪ ಸುಣ್ಣದಲ್ಲಿ ಗುರುತು ಹಾಕುತ್ತಾನೆ. ಹಿಂದೆ ಬರುವ ಗ್ಯಾಂಗಿನವರು ಅದನ್ನು ಕೆಡವುತ್ತಾರೆ. ಗ್ಯಾಂಗಿನವರೂ ನಮ್ಮ ಕೇರಿಯವರೇ. ನಮ್ಮನ್ನು ಮುಟ್ಟಿಸಿಕೊಳ್ಳದ ಊರಿನಲ್ಲಿ ಮುಟ್ಟಿ ನೋಡುವ ಕೆಲಸಕ್ಕೆ ನಮ್ಮನ್ನೇ ಹಿಡಿದಿದ್ದರು.

ಎಲ್ಲರ ಹಿಂದೆ ಜೀಪಿನಲ್ಲಿ ಮಿಲಿಟರಿಯ ಒಬ್ಬ ಸುಬೇದಾರ ಬರುತ್ತಿದ್ದ. ಜೀಪಿನ ಮೂತಿಗೆ ಕೆಂಪು ಬಾವುಟ ಸಿಕ್ಕಿಸಿ ಒಂದು ಬೋರ್ಡು ಕಟ್ಟಿದ್ದರು. ಅಂಥದೇ ಇನ್ನೊಂದನ್ನು ಕೇರಿಯ ಬಾಯಲ್ಲಿ ನೆಟ್ಟಿದ್ದರು. ಇಂಗ್ಲಿಷು, ಹಿಂದಿ. ಕನ್ನಡದಲ್ಲಿ ಬರೆದಿದ್ದರೂ ನಮ್ಮಲ್ಲಿ ಓದುವವರು ಯಾರಿದ್ದರು? ಅದಕ್ಕೇ ಹಿಂದಿನ ವಾರ ದೊಡ್ಡಮುನಿಯಪ್ಪನ ಕೈಗೆ ತಮಟೆ ಕೊಟ್ಟು ಸಾರು ಹಾಕಿಸಿದ್ದರು.

"ಟ್ಯಾಂಕ್ ಬತ್ತದೆ ಕೇಳ್ರಪ್ಪೋ! ದನ ಕರ ಮಕ್ಳುನ್ನ ರಸ್ತೆಗೆ ಬಿಡಂಗಿಲ್ರಪ್ಪೋ!"

ಊರಿನ ಬಾವಿಗೆ ಕೊಡ ಇಳಿಸುವ ಹಾಗಿಲ್ಲದ ನಮಗೆ ಟ್ಯಾಂಕು ಎಂದರೆ ನೀರಿನ ಟ್ಯಾಂಕೇ. ಪಂಚಾಯ್ತಿಯಲ್ಲಿ ಕೇಳಿ ಕೇಳಿ ನಾಲಿಗೆ ಸವೆದಿತ್ತು. ಹೆಂಗಸರು ಬೂದಿ ಹಚ್ಚಿ ಕೊಡ ಬೆಳಗಿದ್ದೇ ಬೆಳಗಿದ್ದು. ಯುದ್ಧದ ಟ್ಯಾಂಕು ಎಂದು ಗೊತ್ತಾದ ಮೇಲೆ ಮುದುಕಿ ಪಿಳ್ಳಮ್ಮ, "ಅದ್ರಾಗೆ ಎಷ್ಟು ಕೊಡ ಇಡಿತದೆ ಕೇಳ್ರಪ್ಪಾ" ಎಂದು ಎಲ್ಲರನ್ನೂ ನಗಿಸಿದಳು. ಆಮೇಲೆ ಕೊಡಗಳನ್ನು ಒಳಗಿಟ್ಟುಕೊಂಡರು.

ಕೇರಿಯ ತಿರುವಿನಲ್ಲಿ ಗಳ ನಮ್ಮ ಮನೆಯ ಗೋಡೆಗೆ ಮುಟ್ಟಿತು.

ನನ್ನ ತುದಿಯೇ ಮುಟ್ಟಿದ್ದು. ಒಳಗೆ ನನ್ನ ಹೆಂಡತಿ ರಾಮಮ್ಮ ಹಸೀ ಬಾಣಂತಿ. ಮುಂದಿನ ಕೋಣೆ ಬಿಟ್ಟರೆ ನಮಗಿದ್ದದ್ದು ಒಲೆ ಹೂಡುವಷ್ಟು ಜಾಗ. ಎದುರಿಗೆ ದೊಡ್ಡಮುನಿಯಪ್ಪನ ತುದಿ ವೆಂಕಟೇಶಪ್ಪನವರ ಹೊಲದ ಬೇಲಿಯ ಕಲ್ಲುಚಪ್ಪಡಿಗೆ ತಾಗಿ ನಿಂತಿತ್ತು. ವೆಂಕಟೇಶಪ್ಪ ನಮ್ಮ ಪಂಚಾಯ್ತಿ ಚೇರ್ಮನ್ನು, ಊರಿನ ಅರ್ಧ ಹೊಲದ ಯಜಮಾನ.

"ಸಾರ್, ಆ ಕಡೆ ಎರಡು ಚಪ್ಪಡಿ ಕಿತ್ರೆ ಗಾಡಿ ಓಯ್ತದೆ. ಇದು ನನ್ ಮನೆ ಸಾರ್. ಒಳಗೆ ಬಾಣಂತಿ ಅವ್ಳೆ."

"ಆ ಹೊಲ ಯಾರ್ದು ಗೊತ್ತೇನೋ? ನಿನ್ನ ಗುಡಿಸ್ಲು ಉಳಿಸೋಕೆ ಚೇರ್ಮನ್ರ ಬೇಲಿ ಕೀಳ್ಬೇಕಾ? ಬಾಣಂತಿಗೆ ಎದ್ದು ಹೊರಗೆ ಬರೋಕೆ ಕಾಲಿಲ್ವಾ?"

ಸುಬೇದಾರ ಜೀಪಿನಿಂದಲೇ ಕತ್ತು ಚಾಚಿ, "ಲಗಾ ಕ್ಯಾ?" ಎಂದ. ಮುಟ್ಟಿತಾ ಎಂದು ಕೇಳಿದ್ದು. "ಲಗಾ ಸಾಬ್, ಲಗಾ" ಎಂದು ಗೋಪಾಲಪ್ಪ ಹಲ್ಲು ಕಿರಿದು ಗೋಡೆಗೆ ಸುಣ್ಣ ಬಳಿದ.

ರಾಮಮ್ಮ ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು ಹೊರಗೆ ಬಂದು ಹೊಂಗೆ ಮರದ ಬುಡದಲ್ಲಿ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀನೇ ತಂದು ಮುಟ್ಟಿಸಿದ್ಯಾ?" ಎಂದಳು ಅಷ್ಟೇ. ಗೋಪಾಲಪ್ಪ ಗಳ ಎತ್ತಿ ದಾಟಿಸಿ ಮುಂದೆ ನಡೆಯಲು ಹೇಳಿದ. ನಡೆದೆ. ಬೆನ್ನ ಹಿಂದೆ ನಮ್ಮ ಗೋಡೆ ಬಿದ್ದ ಸದ್ದು ಕೇಳಿಸಿತು. ತಿರುಗಿದರೆ ಗಳ ಓರೆಯಾಗುತ್ತದೆಂದು ತಿರುಗಲಿಲ್ಲ. ಯಾರನ್ನಾದರೂ ಸಿಗಿದು ಹಾಕಬೇಕೆನ್ನುವಷ್ಟು ಸಿಟ್ಟು ಬಂದಿತ್ತು, ಆದರೆ ಕಾಲು ಹೇಳಿದ ಮಾತು ಕೇಳಿಕೊಂಡು ಹೋಗುತ್ತಲೇ ಇತ್ತು.

ಊರೊಳಗೆ ವೆಂಕಟೇಶಪ್ಪನ ಹೊಸ ಮನೆ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರಿಗೆ ಬಾಡಿಗೆ ಕೊಡಲೆಂದು ಪಕ್ಕದಲ್ಲೇ ಸಾಲು ಕೋಣೆ ಎತ್ತಿ, ಮುಂದಿನ ಜಗಲಿಯನ್ನು ರಸ್ತೆಗೆ ಒತ್ತಿ ಕಲ್ಲಿನ ಕಂಬ ನಿಲ್ಲಿಸಿದ್ದ. ಆ ಕಲ್ಲು ಹೊತ್ತವರು ನಾವೇ. ಕಟ್ಟುವಾಗ ನಮ್ಮ ಕೈ ಆಗುತ್ತಿತ್ತು, ಗೃಹಪ್ರವೇಶವಾದ ಮೇಲೆ ಆಗಲಿಲ್ಲ. ಜಗಲಿಯ ಎದುರಿಗೇ ಊರಿನ ಬಾವಿಯ ಕಟ್ಟೆ. ಗಳದ ಆ ತುದಿ ಕಟ್ಟೆಗೆ ತಾಗಿತು, ಈ ತುದಿ ಕಂಬಕ್ಕೆ.

ವೆಂಕಟೇಶಪ್ಪ ಒಳಗಿನಿಂದ ಓಡಿ ಬಂದ.

"ಏಯ್! ಮುಟ್ಬೇಡ್ರೋ ಸೂಳೆಮಕ್ಳಾ! ಪೂಜೆ ಮಾಡಿದ ಕಂಬ ಕಣೋ ಅದು!"

"ನಾನಲ್ಲ ಗೌಡ್ರೇ, ಗಳ ಮುಟ್ಟಿದ್ದು" ಎಂದೆ.

ಗೋಪಾಲಪ್ಪ ನಮ್ಮ ಹತ್ತಿರ ಬಂದು ದನಿ ತಗ್ಗಿಸಿದ. "ಲೇ ದೊಡ್ಡಮುನಿಯ, ನಿನ್ನ ತುದೀನ ಒಸಿ ಮೇಲಕ್ಕೆತ್ತು. ಗಳ ಓರೆ ಆದ್ರೆ ತಾಗಲ್ಲ. ಎತ್ಕೊಂಡು ದಾಟಿಬಿಡ್ರಿ."

"ಗಾಡೀನೂ ಓರೆ ಮಾಡ್ಕೊಂಡು ದಾಟಿಸ್ತಾರಾ ಸಾರ್?" ಎಂದೆ.

ನನ್ನ ಕೆನ್ನೆಗೆ ಬಾರಿಸಿದ. ಮೂಗಿನಿಂದ ರಕ್ತ ಇಳಿಯಿತು. ದೊಡ್ಡಮುನಿಯಪ್ಪ ಮೊದಲೇ ಪುಕ್ಕಲ, ಗಳವನ್ನು ತಲೆಯ ಮೇಲಕ್ಕೆ ಎತ್ತತೊಡಗಿದ.

"ಇಳಿಸೋ!" ಎಂದೆ. "ನಿಮ್ಮಕ್ಕ ಬೀದೀಲಿ ಕೂತವ್ಳೆ, ಇಳಿಸೋ!"

ಅವನು ನನ್ನನ್ನು ನೋಡಿದ, ವೆಂಕಟೇಶಪ್ಪನನ್ನು ನೋಡಿದ. ಮೆಲ್ಲಗೆ ಗಳವನ್ನು ಹೆಗಲಿಗಿಳಿಸಿದ. ನನ್ನ ತುದಿ ಮತ್ತೆ ಕಂಬಕ್ಕೆ ಒತ್ತಿಕೊಂಡಿತು.

ಅಷ್ಟರಲ್ಲಿ ಜೀಪು ಬಂತು. ವೆಂಕಟೇಶಪ್ಪನ ಮುಖದಲ್ಲಿ ಅದೆಲ್ಲಿತ್ತೋ ನಗು, ಎಳನೀರು ತರಿಸಿ ತಾನೇ ಸುಬೇದಾರನ ಕೈಗೆ ಕೊಟ್ಟ. ಸುಬೇದಾರ ಕುಡಿಯುತ್ತಾ, "ಲಗಾ ಕ್ಯಾ?" ಎಂದ.

"ನಹೀ ಲಗಾ ಸಾಬ್. ಬಿಲ್ಕುಲ್ ನಹೀ" ಎಂದ ಗೋಪಾಲಪ್ಪ.

"ಲಗಾ ಸಾಬ್!" ನಾನು ಕೂಗಿದೆ. "ಇಲ್ನೋಡಿ ಸಾಬ್, ಲಗಾ!"

ಸುಬೇದಾರ ಗಳ ನೋಡಿದ. ಕಂಬ ನೋಡಿದ. ಅವನ ಕಣ್ಣಿಗೆ ಕಾಣಲಿಲ್ಲ ಎಂದು ನಾನು ಸತ್ತರೂ ಒಪ್ಪುವುದಿಲ್ಲ. ಎಳನೀರಿನ ಬುರುಡೆಯನ್ನು ಚರಂಡಿಗೆ ಎಸೆದು, ನಿಶಾನಿ ಎಲ್ಲಿ ಎಂದು ಹಿಂದಿಯಲ್ಲಿ ಗೋಪಾಲಪ್ಪನನ್ನು ಕೇಳಿ, ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕುಳಿತ.

"ಕೇಳಿಸ್ತೇನೋ?" ಗೋಪಾಲಪ್ಪ ನಕ್ಕ. "ಗುರುತು ಇದ್ರೆ ಮುಟ್ಟಿದಂಗೆ. ಇಲ್ದಿದ್ರೆ ಮುಟ್ಟಿಲ್ಲ. ಗುರುತು ಹಾಕೋನು ನಾನು. ತಿಕ ಮುಚ್ಕೊಂಡು ಗಳ ಎತ್ತು."

ಸುಣ್ಣದ ಬಕೆಟ್ಟು ಅವನ ಕಾಲ ಬುಡದಲ್ಲೇ ಇತ್ತು. ಗಳವನ್ನು ಒಂದು ಕೈಯಲ್ಲಿ ಹೆಗಲಿಗೆ ಅದುಮಿಕೊಂಡು ಬಗ್ಗಿದೆ. ಇನ್ನೊಂದು ಕೈಯನ್ನು ಮುಂಗೈವರೆಗೂ ಸುಣ್ಣದಲ್ಲಿ ಅದ್ದಿ ವೆಂಕಟೇಶಪ್ಪನ ಕಂಬಕ್ಕೆ ಪಟಾರನೆ ಹೊಡೆದೆ. ಐದೂ ಬೆರಳು ಮೂಡಿದವು.

"ಈಗ ಮುಟ್ಟಿದೀನಿ ಗೌಡ್ರೇ" ಎಂದೆ. "ಕೆಡವ್ರಲೇ!"

ಗ್ಯಾಂಗಿನವರು ನಿಂತಲ್ಲೇ ನಿಂತಿದ್ದರು. ನಮ್ಮ ಮನೆಯ ಮಣ್ಣು ಇನ್ನೂ ಅವರ ಗುದ್ದಲಿಗಳಿಗೆ ಮೆತ್ತಿಕೊಂಡಿತ್ತು.

"ಗುದ್ದಲಿ ಎತ್ತಿದೋನ ಕೈ ಕಡೀತೀನಿ!" ಎಂದು ವೆಂಕಟೇಶಪ್ಪ ಗರ್ಜಿಸಿದ. ಅವನ ಆಳುಗಳು ಕೊಟ್ಟಿಗೆಯಿಂದ ದೊಣ್ಣೆ ಹಿಡಿದು ಬಂದರು. ಮೊದಲ ಏಟು ಸುಣ್ಣದ ಕೈಗೇ ಬಿತ್ತು. ಎರಡನೆಯದು ಬೆನ್ನಿಗೆ. ಸುಬೇದಾರ ಜೀಪಿನಿಂದ ಇಳಿಯಲಿಲ್ಲ.

"ಭಾವ!" ಆ ತುದಿಯಿಂದ ದೊಡ್ಡಮುನಿಯಪ್ಪ ಅಳುತ್ತಾ ಕೂಗಿದ. ಅವನಿಗೂ ಹೊಡೆಯುತ್ತಿದ್ದರು. "ನಾ ಬಿಡಾಕಿಲ್ಲ ಭಾವ! ನೀನೂ ಬಿಡ್ಬೇಡ!"

ನಾನು ಮಂಡಿಯೂರಿ ಬಿದ್ದೆ, ಗಳ ಬಿಡಲಿಲ್ಲ. ಅವನಿಗೆ ಏಟು ಬಿದ್ದಾಗಲೆಲ್ಲ ಗಳ ನಡುಗಿ ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು. ಆ ತುದಿ ಕೆಳಗಿಳಿಯಲಿಲ್ಲ.