ಕುಲುಕಿದ ಸೀಸೆ

ಮೊಮ್ಮಗಳ ಪ್ಲೇಟ್‌ಲೆಟ್ ಏಳು ಸಾವಿರಕ್ಕೆ ಇಳಿದಿತ್ತು. ಒಂದೂವರೆ ಲಕ್ಷವಾದರೂ ಇರಬೇಕಂತೆ. ಕಾಲ ತುಂಬ ಕೆಂಪು ಚುಕ್ಕೆ, ಬೆಳಗಿನಿಂದ ಒಸಡಿನಲ್ಲಿ ರಕ್ತ. ತಲೆಯೊಳಗೆ ರಕ್ತಸ್ರಾವವಾದರೆ ಕಷ್ಟ, ಇಮ್ಯುನೊಗ್ಲೋಬುಲಿನ್ ಎಂಬ ಔಷಧದ ಡ್ರಿಪ್ ಇವತ್ತೇ ಶುರುವಾಗಬೇಕು ಎಂದಿದ್ದರು ಡಾಕ್ಟರು. ಐದು ವರ್ಷದ ಅವಳಿಗೋ ಮಂಚದ ಮೇಲೆ ಕುಣಿಯುವ ಆಸೆ. ಸೊಸೆ ಅವಳನ್ನು ತಬ್ಬಿ ಹಿಡಿದಿದ್ದಳು. ನಾನು ಕೂತಲ್ಲಿ ಕೂರಲಾರದೆ ಹಾಸಿಗೆಯ ಚಾದರವನ್ನು ಮೂರು ಸಲ ಸರಿಮಾಡಿದೆ.

ನರ್ಸ್ ಫ್ರಿಜ್ಜಿನಿಂದ ಆ ಔಷಧದ ಸೀಸೆ ತಂದು ಮೇಜಿನ ಮೇಲಿಟ್ಟಳು. "ತಣ್ಣಗಿದೆ, ಸ್ವಲ್ಪ ಹೊತ್ತು ಇರ್ಲಿ," ಎಂದು ಹೋದಳು.

ನಮ್ಮ ಯಜಮಾನರು ನಲವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಕೈಗೆ ಸಿಕ್ಕ ಸೀಸೆಯನ್ನು ಅಲ್ಲಾಡಿಸದೆ ಬಿಟ್ಟವರಲ್ಲ. ತಲೆಗೆ ಹಚ್ಚುವ ಎಣ್ಣೆಯನ್ನೂ ಅಲ್ಲಾಡಿಸಿಯೇ ಕೊಡುತ್ತಾರೆ. ಚೀಟಿ ಓದಲೆಂದು ಎತ್ತಿಕೊಂಡವರು, ನಾನು ತಿರುಗುವಷ್ಟರಲ್ಲಿ ನಾಲ್ಕು ಸಲ ಕುಲುಕಿಬಿಟ್ಟಿದ್ದರು. ಒಳಗೆಲ್ಲ ನೊರೆ.

ವಾಪಸು ಬಂದ ನರ್ಸ್ ಅದನ್ನು ನೋಡಿ ನಿಂತಳು. "ಯಾರು ಕುಲುಕಿದ್ದು?"

"ನಾನಮ್ಮ. ಕಾಂಪೌಂಡರ್ ಕೈ, ಸುಮ್ನಿರ್ಲಿಲ್ಲ." ಇವರ ಮುಖ ಬಿಳಿಚಿಕೊಂಡಿತ್ತು.

"ಏನ್ ಮಾವ ನೀವು," ಎಂದಳು ಸೊಸೆ.

"ಇದನ್ನ ಕುಲುಕಿದ್ರೆ ಕೆಟ್ಟೋಗತ್ತೆ ತಾತ. ಇರಿ, ಕೇಳ್ತೀನಿ." ನರ್ಸ್ ಫಾರ್ಮಸಿಗೆ ಫೋನ್ ಮಾಡಿದಳು. ಅದನ್ನು ಹಾಕಬೇಡಿ, ಇನ್ನೊಂದು ಸೀಸೆ ಪಕ್ಕದ ಕಟ್ಟಡದ ಸ್ಟೋರಿನಲ್ಲಿದೆಯೇ ನೋಡುತ್ತೇವೆ ಎಂದರಂತೆ.

ಇದೆಯೇ ಎಂಬುದಕ್ಕೆ ಉತ್ತರ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಲಿಫ್ಟು ನಿಂತಾಗಲೆಲ್ಲ ನಾವು ಮೂವರೂ ಬಾಗಿಲು ನೋಡುತ್ತಿದ್ದೆವು. ಮಗುವಿನ ಬಾಯಿ ಒರೆಸಿದ ಹತ್ತಿ ಮತ್ತೆ ಕೆಂಪಾಯಿತು. ಇವರು ಗೋಡೆಗೆ ಒರಗಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದರು.

ನರ್ಸ್ ಹೊಸ ಸೀಸೆ ಹಿಡಿದೇ ಬಂದಳು. ಮೇಜಿನ ಮೇಲಿಡದೆ ನೇರವಾಗಿ ಇವರ ಮುಂದೆ ಚಾಚಿದಳು. "ತಾತ, ಅಂಗೈಲಿ ಹಿಡ್ಕೊಳ್ಳಿ, ಚಳಿ ಬಿಡ್ಲಿ. ನಿಮ್ಮಷ್ಟು ಸೀಸೆ ಹಿಡಿದೋರು ಈ ವಾರ್ಡಲ್ಲಿ ಯಾರಿದಾರೆ?"

ಇವರು ಸೊಸೆಯ ಮುಖ ನೋಡಿದರು. ಅವಳು ಕಾಲಿನಿಂದಲೇ ಕುರ್ಚಿಯನ್ನು ಇವರತ್ತ ತಳ್ಳಿದಳು. "ಕೂತು ಹಿಡ್ಕೊಳ್ಳಿ ಮಾವ. ನಿಂತ್ರೆ ನಡುಗತ್ತೆ."

ಅರ್ಧ ಗಂಟೆ ಇವರು ಕೆಮ್ಮನ್ನೂ ತಡೆದು ಕೂತರು.

ಡ್ರಿಪ್ಪಿನ ಮೊದಲ ಹನಿ ಬಿದ್ದಾಗ ಮಗು, "ಬೇಗ ಬೇಗ ಬಿಡಿ ಆಂಟಿ," ಎಂದಿತು.

"ಆಗಲ್ಲ ಪುಟ್ಟಿ, ನಿಧಾನಕ್ಕೇ ಹೋಗ್ಬೇಕು. ಸಾಯಂಕಾಲದವರೆಗೂ."

ಪ್ಲೇಟ್‌ಲೆಟ್ ಎಣಿಕೆ ಏರಿತೋ ಇಲ್ಲವೋ ನಾಳೆಯ ರಕ್ತಪರೀಕ್ಷೆ ಹೇಳಬೇಕು. ಸೊಸೆ ಮಗುವಿನ ಸೂಜಿಯಿಲ್ಲದ ಇನ್ನೊಂದು ಕೈಯನ್ನು ಮಾವನಿಗೆ ಒಪ್ಪಿಸಿ, ಬೆಳಗಿನಿಂದ ಮೊದಲ ಸಲ ಮುಖ ತೊಳೆಯಲು ಎದ್ದಳು.