ಸೊಪ್ಪು ತಿನ್ನುವ ಮೀನು

“ನಿನ್ನ ಸಿಗಡಿ ಸಾವಾಸಕ್ಕೇ ಕಣಮ್ಮಿ ನನ್ನ ಮೀನು ಕೆಟ್ಟೋಗಿದ್ದು! ಬಂದಾಗ ಸೊಪ್ಪು ತಿಂತಿತ್ತು, ಸೊಪ್ಪು!”

“ಸೊಪ್ಪು ತಿಂದೋರೆಲ್ಲ ಸಾಧುಗಳಾ ಯಜಮಾನ್ರೆ? ಅದರ ಹಲ್ಲು ನೋಡಿದ್ದೀರಾ ನೀವು? ಇಕ್ಕಳ ಇದ್ದಂಗವೆ, ಇಕ್ಕಳ!”

“ಮೆತ್ತಗೆ ಮಾತಾಡು. ಊಟಕ್ಕೆ ಜನ ಕೂತವ್ರೆ.”

“ಕೂತಿರ್ಲಿ. ಅವರೂ ಕೇಳ್ಲಿ.”

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಮರಿಮಲ್ಲಪ್ಪನದು ಶುದ್ಧ ಸಸ್ಯಾಹಾರಿ ಹೋಟೆಲು. ‘ಶುದ್ಧ’ ಎಂಬ ಪದವನ್ನು ಬೋರ್ಡಿನಲ್ಲಿ ಎರಡು ಸಲ ಬರೆಸಿದ್ದಾನೆ. ಒಂದೇ ಸಲ ಬರೆಸಿದರೆ ಜನ ನಂಬುವುದಿಲ್ಲವಂತೆ. ಬಾಗಿಲು ದಾಟಿದರೆ ಮಂಚದುದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪು ಬೆರೆಸಿ ಸಮುದ್ರದ್ದೇ ಹದಕ್ಕೆ ತಂದ ನೀರು, ಕಲ್ಲು, ಮರಳು. ಅದನ್ನು ಕಟ್ಟಿಕೊಟ್ಟವಳು ಕುಮಾರಿ. ಊರು ಉಡಿಗಾಲ, ಚಾಮರಾಜನಗರದಲ್ಲಿ ಅಕ್ವೇರಿಯಂ ಅಂಗಡಿ. ಅವಳಪ್ಪ ಮಾರಯ್ಯ ಮರಿಮಲ್ಲಪ್ಪನಂಥ ಜಮೀನುದಾರರ ಎದುರು ‘ಬುದ್ಧಿ’ ಅನ್ನದೆ ಬಾಯಿ ತೆರೆದವನಲ್ಲ. ಮಗಳು ಅದನ್ನು ‘ಯಜಮಾನ್ರೆ’ಗೆ ಇಳಿಸಿದ್ದಳು. ಸಿಟ್ಟು ಬಂದರೆ ಅದೂ ಉದುರಿಹೋಗುತ್ತಿತ್ತು. ಸಿಟ್ಟು ಅವಳಿಗೆ ಬೇಗ ಬರುತ್ತಿತ್ತು.

ಈಗ ಅವಳ ಕೈಯಲ್ಲಿ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬ, ಒಂದು ಸಣ್ಣ ಬಲೆ. ತೊಟ್ಟಿಯ ಮೂಲೆಯ ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಒಂದೇ ಒಂದು ಸಿಗಡಿಯನ್ನು ಜೀವಂತ ಹೊರಗೆ ತೆಗೆಯಬೇಕು, ಅಷ್ಟೇ ಅವಳ ಆಸೆ. ಕೆಂಪು ಮೈ, ಬೆನ್ನ ಮೇಲೆ ಬಿಳಿ ಗೆರೆ, ನೂಲಿನಂಥ ಬಿಳಿ ಮೀಸೆ. ಕೇರಳದಿಂದ ಬಂದ ಚೀಲದಲ್ಲಿ ಉಳಿದದ್ದೆಲ್ಲ ಸತ್ತು ಇದು ಮತ್ತು ಇದರ ಜೊತೆಯದು ಮಾತ್ರ ಬದುಕಿದ್ದವು. ಕುಮಾರಿ ನೀರಿಗೆ ಕೈ ಇಟ್ಟರೆ ಸಾಕು, ಹತ್ತಿ ಬಂದು ಉಗುರಿನ ಕೊಳೆ ಕೆದಕುತ್ತಿದ್ದವು. ಜೊತೆಯದನ್ನು ಮರಿಮಲ್ಲಪ್ಪನ ಮೀನು ನುಂಗಿಯಾಗಿತ್ತು. ಉಳಿದದ್ದು ಹೊಟ್ಟೆಯಡಿ ಹಸಿರು ಮೊಟ್ಟೆ ಹೊತ್ತು, ಆಗಷ್ಟೇ ಪೊರೆ ಬಿಟ್ಟು, ಬೆಣ್ಣೆಯ ಹಾಗೆ ಮೆತ್ತಗಾಗಿ ಕೂತಿತ್ತು.

ಇಷ್ಟಕ್ಕೆಲ್ಲ ಕಾರಣ ಮೀನು ಆರಿಸುವಾಗ ಆದ ಪೆದ್ದುತನ. ತೊಟ್ಟಿ ಇಟ್ಟ ದಿನ ಕುಮಾರಿ ಬಾಯಿ ನೋಯುವಷ್ಟು ಹೇಳಿದ್ದಳು. “ಸಿಗಡಿ, ಬಸವನಹುಳು ಇರೋ ತೊಟ್ಟಿಗೆ ಮೀನು ತರೋವಾಗ ಬಣ್ಣ ನೋಡಬಾರ್ದು ಯಜಮಾನ್ರೆ, ಬಾಯಿ ನೋಡ್ಬೇಕು. ಸಣ್ಣ ಬಾಯಿಯೋವು ತಮ್ಮ ಪಾಡಿಗೆ ಇರ್ತವೆ. ಹಲ್ಲಿರೋವು ಚಿಪ್ಪು ಒಡೀತವೆ.”

ಮರಿಮಲ್ಲಪ್ಪ ಕೇಳಿದ್ದು ಒಂದೇ ಪ್ರಶ್ನೆ: “ವೆಜ್ಜಾ, ನಾನ್‌ವೆಜ್ಜಾ?”

ಬಸವನಹುಳು ಅಂದದ್ದೇ ತಡ, ಅವನ ಮುಖ ಅರಳಿತ್ತು. “ಹಾಕು, ಹಾಕು. ಹೆಸರಲ್ಲೇ ಬಸವ ಅವ್ನೆ. ಶುಭ.” ಸಿಗಡಿಗೆ ಮೂಗು ಮುರಿದ. “ಹುರ್ಕಂಡು ತಿನ್ನೋದನ್ನ ತಂದು ನನ್ನ ಹೋಟ್ಲಲ್ಲಿ ಬುಡ್ತೀಯಾ?” ಗಲ್ಲಾದಲ್ಲಿ ಕೂತಿದ್ದ ಅವನ ಹೆಂಡತಿ ಶಾಂತಮಲ್ಲಮ್ಮ, “ನೋಡಕೆ ತಾನೆ ತರೋದು? ಬೀದೀಲಿ ಕೋಳಿ ಹೋದ್ರೆ ಕಣ್ಣು ಮುಚ್ಕಂಡು ನಿಲ್ತೀರಾ?” ಅಂದಮೇಲೆ ಒಪ್ಪಿದ್ದ. ಕೊನೆಗೆ ಕುಮಾರಿ ಮರಳು ಸೋಸಿಕೊಂಡು ತೆಪ್ಪಗಿರುವ ಎರಡು ಮೀನು ತೋರಿಸಿ, “ಇವು ಗೋಬಿ” ಅಂದಳು.

“ಗೋಬಿನಾ? ಸಂಜೆ ಹೊತ್ತು ನಮ್ಮಲ್ಲಿ ಮಂಚೂರಿ ಮಾಡ್ತರಲ್ಲ, ಆ ಗೋಬಿನಾ? ಹಂಗಾರೆ ವೆಜ್ಜೇ ಬುಡು!”

ಕುಮಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅದು ಆ ಮೀನಿನ ಇಂಗ್ಲಿಷ್ ಹೆಸರು, ಹೂಕೋಸಲ್ಲ ಅಂತ ಮಾತ್ರ ಹೇಳಲಿಲ್ಲ.

ಹೂಕೋಸಿನ ಹೆಸರಿನ ಮೀನು ಹಗಲೆಲ್ಲ ಮರಳಲ್ಲಿ ಹೂತುಕೊಂಡರೆ ಊಟಿಗೆ ಹೋಗುವವರು ಏನು ನೋಡಬೇಕು? ಮರಿಮಲ್ಲಪ್ಪನ ಮಗ ಸಾಗರ್‌ಗೆ ಅದೇ ತಲೆಬೇನೆ. ಕುಮಾರಿಗೆ ಒಂದು ಮಾತೂ ಹೇಳದೆ ಮೈಸೂರಿಗೆ ಹೋಗಿ ಯಾವುದೋ ಅಂಗಡಿಯಿಂದ, ಹೆದರಿದರೆ ಚೆಂಡಿನಂತೆ ಉಬ್ಬುವ ಪಫರ್ ಮೀನು ತಂದ. ಗುಂಡು ಮೈ, ನಾಯಿಮರಿ ಮುಖ, ಅಳುವಂಥ ದೊಡ್ಡ ಕಣ್ಣು. ಅಂಗಡಿಯವನು ಒಂದು ಎಲೆ ಪಾಲಕ್ ಸೊಪ್ಪು ಹಿಡಿದನಂತೆ, ಮೀನು ಬಂದು ತಿಂದಿತಂತೆ. ಅಷ್ಟು ಸಾಕಾಯಿತು. ಅಪ್ಪ ಅದಕ್ಕೆ ‘ಸಾಧು’ ಎಂದು ಹೆಸರಿಟ್ಟ. ಮಗ ‘ಸೊಪ್ಪು ತಿನ್ನುವ ಮೀನು’ ಎಂದು ಗಾಜಿಗೆ ಚೀಟಿ ಅಂಟಿಸಿದ. ಮರಿಮಲ್ಲಪ್ಪ ದಿನಾ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ತಾನೇ ಎಲೆ ಹಿಡಿದು ನಿಲ್ಲುತ್ತಿದ್ದ. ನೋಡಿದವರು, ಮೀನೂ ಶರಣರ ದಾರಿಗೆ ಬಂತಲ್ಲ ಎಂದು ಹೊಗಳಿದರು. ಹೊಗಳಿಕೆ ತಿಂದು ಅವನೂ ಮೀನಿನಷ್ಟೇ ಉಬ್ಬಿದ.

ಸೋಮವಾರ ಮಧ್ಯಾಹ್ನ, ಹೋಟೆಲು ತುಂಬಿದ್ದಾಗ, ಸಾಧು ಒಂದು ಬಸವನಹುಳುವನ್ನು ಕಚ್ಚಿ ಎತ್ತಿತು. ಅಡಕತ್ತರಿಯಲ್ಲಿ ಅಡಕೆ ಸೀಳಿದ ಹಾಗೆ ಕಟಕ್ಕೆಂದಿತು. ಮುಂದಿನ ಮೇಜಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ತುತ್ತು ಕೈಯಲ್ಲೇ ಹಿಡಿದು, “ಲೋ ಮಲ್ಲಪ್ಪ, ನಿನ್ನ ಸಾಧು ಸೋಮವಾರದ ದಿನ ಬಸವನನ್ನೇ ತಿಂದುಬುಟ್ನಲ್ಲೋ!” ಅಂದರು. ಸಂಜೆಯೊಳಗೆ ಆ ಮಾತು ಪೇಟೆಯ ತುಂಬಾ ಹರಡಿತು. ಮೀನಿಗೆ ಬೈಯಲಾಗದೆ ಮರಿಮಲ್ಲಪ್ಪ ಕುಮಾರಿಗೆ ಫೋನು ಮಾಡಿ ಬೈದ. ಮಾರನೆಯ ದಿನ ಅವಳು ಅಂಗಡಿ ಮುಚ್ಚಿ, ತೆರಕಣಾಂಬಿ ಮೇಲೆ ಬರುವ ಬಸ್ಸು ಹಿಡಿದು ಬಂದಿದ್ದಳು.

“ಆ ಸಿಗಡಿ ತೆಕ್ಕೊಂಡು ಹೋಯ್ತೀನಿ, ಅಡ್ಡ ಬರ್ಬೇಡಿ,” ಎಂದು ಅವಳು ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದಳು.

ಮರಿಮಲ್ಲಪ್ಪ ಮುಚ್ಚಳ ಅದುಮಿ ಹಿಡಿದ. “ಜನ ನೋಡ್ತಿರೋವಾಗ ಬಲೆ ಹಾಕಿದ್ರೆ ನನ್ನ ಮೀನು ಸಿಗಡಿ ತಿಂತದೆ ಅಂತ ನಾನೇ ಒಪ್ಪಿದಂಗಾಯ್ತದೆ. ಮೊದ್ಲು ಇವ್ರ ಮುಂದೆ ಹೇಳು: ತಪ್ಪು ನಂದು, ಸಿಗಡಿ ಹಾಕ್ಬಾರ್ದಿತ್ತು, ಅದರ ಸಾವಾಸಕ್ಕೆ ಮೀನು ಬಾಯಿ ಕೆಡಿಸ್ಕತ್ತು ಅಂತ. ಹೇಳ್ಬುಟ್ಟು ತಕಂಡೋಗು.”

“ಹುಲಿ ಪಕ್ಕ ಕರು ಕಟ್ಟಿ, ಕರು ಸಾವಾಸಕ್ಕೆ ಹುಲಿ ಕೆಡ್ತು ಅಂತೀರಲ್ಲ!”

“ಗೋಬಿ ವೆಜ್ಜು ಅಂದೋಳು ನೀನೇ ತಾನೆ?”

“ನಾನು ಅನ್ನಿಲ್ಲ. ನಕ್ಕೆ.”

“ಎರಡೂ ಒಂದೇ.”

ಕುಮಾರಿ ತೊಟ್ಟಿಯತ್ತ ಬಗ್ಗಿದಳು. ಗಾಜಿನಾಚೆ ನೋಡಿದಳು. ಗೋಬಿಗಳು ಮರಳಿನಲ್ಲಿದ್ದವೋ ಸಾಧುವಿನ ಹೊಟ್ಟೆಯಲ್ಲಿದ್ದವೋ, ಕಾಣಲಿಲ್ಲ. ಕಲ್ಲಿನ ಸಂದಿಯಿಂದ ಬಿಳಿ ಮೀಸೆ ಮಾತ್ರ ಅಲ್ಲಾಡುತ್ತಿತ್ತು. ಒಂದು ಸುಳ್ಳು ಮಾತು, ಇನ್ನೆಂದೂ ನೋಡದ ಜನರ ಮುಂದೆ. ಹೇಳಿದರೆ ತನ್ನ ಗಂಟೇನು ಹೋಗುತ್ತದೆ? ಕುಮಾರಿ ಊಟದ ಮೇಜುಗಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು. ಹೇಳಿಯೇ ಬಿಡುತ್ತಿದ್ದಳು.

ಅಷ್ಟರಲ್ಲಿ ಮರಿಮಲ್ಲಪ್ಪನಿಗೆ ನಾಲಿಗೆ ತುರಿಸಿತು. “ಹೂಂ, ಹೇಳು. ಇಂಥವೆಲ್ಲ ನಿಮ್ಮ ಕಡೆಯೋರ ಮನೇಲಿ ನಡೀತದೆ, ನಮ್ಮಂಥ ಜಾಗದಲ್ಲಿ ನಡೆಯಲ್ಲ ಅಂತ ತಿಳ್ಕಬೇಕಿತ್ತು ನೀನು.”

ಕುಮಾರಿ ನಿಧಾನವಾಗಿ ಅವನ ಕಡೆಗೆ ತಿರುಗಿದಳು. “ನಿಮ್ಮ ಕಡೆಯೋರು ಅಂದ್ರೆ ಯಾರು? ಬುಡಿಸಿ ಹೇಳಿ. ನನ್ನ ಕೈಲಿ ಜೋರಾಗಿ ಹೇಳಿಸ್ತಿದ್ರಲ್ಲ, ನೀವೂ ಅಷ್ಟೇ ಜೋರಾಗಿ ಹೇಳಿ. ಕೂತೋರಿಗೆ ಕೇಳ್ಲಿ.”

ಮರಿಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಶಾಂತಮಲ್ಲಮ್ಮ ಚಿಲ್ಲರೆ ಜೋಡಿಸುವುದರಲ್ಲಿದ್ದಳು. ತಪ್ಪಿಸಿಕೊಳ್ಳುವ ದಾರಿ ಹುಡುಕಿ ಅವನು ಕೂಗಿದ: “ಸಾಗರ್, ಒಂದು ಎಲೆ ಸೊಪ್ಪು ತಾರ್ಲಾ! ಎಲ್ರೂ ನೋಡಿ, ನನ್ನ ಮೀನು ಏನು ತಿಂತದೆ ಅಂತ!”

“ಈಗ ಬ್ಯಾಡ!” ಕುಮಾರಿ ಮುಚ್ಚಳ ಎಳೆದಳು. ಅವನು ಬಿಡಲಿಲ್ಲ. ಸಾಗರ್ ಪಕ್ಕದ ಕಿಂಡಿಯಿಂದ ಎಲೆ ಇಳಿಬಿಟ್ಟ, ಕಲ್ಲಿನ ಸಂದಿಗೆ ಸರಿಯಾಗಿ. ಸಾಧು ತೇಲುತ್ತಾ ಬಂತು, ಎಲೆಯ ಅಂಚನ್ನು ಪಾಪದ ಪ್ರಾಣಿಯಂತೆ ಕಚ್ಚಿತು. ಕೇರಳದ ಕಡೆಯ ಒಂದು ಸಂಸಾರ ಚಪ್ಪಾಳೆ ಹೊಡೆಯಿತು. ಮರಿಮಲ್ಲಪ್ಪ ಎದೆ ಉಬ್ಬಿಸಿ ಜನರ ಕಡೆ ತಿರುಗಿದ. ಅವನ ಬೆನ್ನ ಹಿಂದೆ ಮೀನು ಎಲೆ ಬಿಟ್ಟು, ಸಂದಿಗೆ ಮೂತಿ ಇಟ್ಟು, ಒಂದು ಸಲ ಜಗ್ಗಿತು. ಮೀನು ಈಚೆ ತಿರುಗಿದಾಗ ಅದರ ಬಾಯಿಂದ ಬಿಳಿ ಮೀಸೆ ಜೋತಾಡುತ್ತಿತ್ತು. ಮರುಕ್ಷಣ ಅದೂ ಇಲ್ಲ.

ಚಪ್ಪಾಳೆ ನಿಂತಿತು.

“ಕಚ್ತು ಅಷ್ಟೇ ಅಪ್ಪ, ನುಂಗ್ನಿಲ್ಲ,” ಎಂದ ಸಾಗರ್.

“ನುಂಗ್ತು,” ಎಂದಳು ಗಲ್ಲಾದಿಂದ ಶಾಂತಮಲ್ಲಮ್ಮ. “ನನ್ನ ಕಣ್ಣು ಇನ್ನೂ ಚೆಂದಾಗವೆ.”

ಕುಮಾರಿ ಮುಚ್ಚಳದಿಂದ ಕೈ ತೆಗೆದಳು. ಸೀರೆಯ ಸೆರಗಿನಲ್ಲಿ ಬೆರಳು ಒರೆಸಿಕೊಂಡಳು. ಬಲೆಯನ್ನು ಡಬ್ಬದೊಳಗೆ ಮಡಚಿ ಹಾಕಿ ಮುಚ್ಚಳ ಒತ್ತಿದಳು.

“ನಿನ್ನ ಮೀನು ಕೆಟ್ಟಿಲ್ಲ ಮಲ್ಲಪ್ಪ,” ಎಂದಳು. ಯಜಮಾನ್ರೆ ಇಲ್ಲ, ಬಹುವಚನವೂ ಇಲ್ಲ. “ಅದು ಮೀನು. ಬೋರ್ಡು ಓದಕೆ ಬರಲ್ಲ ಅದಕ್ಕೆ. ಓದಕೆ ಬರೋ ನೀನು ಕೆಟ್ಟಿದ್ದೀಯ.”

“ಏನಂದೆ? ಹೋಗ್, ಹೋಗು! ನಾಲ್ಕು ದಿನ ಹೋದ್ಮೇಲೆ ನೀರು ಬದಲಾಯ್ಸಕೆ ನೀನೇ ಓಡ್ಬತ್ತೀಯ, ನಂಗೊತ್ತಿಲ್ವಾ!”

ಅವಳು ಮೆಟ್ಟಿಲಿಳಿದು ರಸ್ತೆ ದಾಟಿ, ನಿಂತಿದ್ದ ಚಾಮರಾಜನಗರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಹೋಟೆಲಿನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ವಾರ ಸಾಗರ್ ಫೋನು ಮಾಡಿದ. “ಅಕ್ಕ, ನೀರೆಲ್ಲ ಮಬ್ಬಾಗಿ ವಾಸನೆ ಬತ್ತದೆ. ಅಪ್ಪ ಏನೋ ಸಿಟ್ಟಲ್ಲಿ ಅಂದ್ಬುಟ್ರು. ನೀವು ಬರ್ದಿದ್ರೆ ಹೋಗ್ಲಿ, ಹೊಸ ನೀರಿಗೆ ಉಪ್ಪು ಎಷ್ಟು ಹಾಕ್ಬೇಕು ಅಂತಾನಾದ್ರೂ ಹೇಳಿ.”

“ರುಚಿಗೆ ತಕ್ಕಷ್ಟು ಹಾಕಪ್ಪ,” ಎಂದು ಕುಮಾರಿ ಫೋನಿಟ್ಟಳು. ಮತ್ತೆ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.